ಮೆಲೋಡಿಕ್ ರಾಕ್ ಕೇಳುಗರ ತನಕ ಬಂದ ದಾರಿ: ರೇಡಿಯೋ ಏನು ಮಾಡಿತು, ಪತ್ರಿಕೆ ಏನು ಮಾಡಿತು

1982ರಲ್ಲಿ ನ್ಯೂಯಾರ್ಕ್ ಕಡೆ ಡಬ್ಲ್ಯೂಎಪಿಪಿ ಎಂಬ ಹೊಸ ಎಫ್‌ಎಂ ರಾಕ್ ಸ್ಟೇಷನ್ ಶುರುವಾಗಿತ್ತು. ಜಾನ್ ಬೊಂಜೋವಿ ಎಂಬ ಇಪ್ಪತ್ತರ ಹುಡುಗ ಅಲ್ಲಿಗೆ ತನ್ನ ಟೇಪ್ ತಗೊಂಡು ಹೋದ. ರೆಕಾರ್ಡ್ ಕಂಪನಿಗಳು ಆಗಲೇ ಬೇಡ ಅಂದಿದ್ದವು. ಹಾಗಾಗಿ ಅವನು ಕಂಪನಿಗಳ ಬಾಗಿಲು ಬಿಟ್ಟು ಸೀದಾ ಡಿಜೆ ಹತ್ತಿರ ಹೋಗಿದ್ದ. ಚಿಪ್ ಹೋಬಾರ್ಟ್ ಎಂಬ ಡಿಜೆ ಕೇಳಿದರು, ಹಾಡು ಹಿಡಿಸಿತು. ಸ್ಥಳೀಯ ಬ್ಯಾಂಡುಗಳ ಹಾಡು ಸೇರಿಸಿ ಸ್ಟೇಷನ್ ಒಂದು ಎಲ್‌ಪಿ ತರುವುದರಲ್ಲಿತ್ತು, ಅದರಲ್ಲಿ 'ರನ್‌ಅವೇ' ಎಂಬ ಈ ಹಾಡೂ ಸೇರಿತು. ಆಮೇಲೆ ಅದೇ ಮಾಲೀಕರ ಬೇರೆ ಊರಿನ ಸ್ಟೇಷನ್‌ಗಳೂ ಅದನ್ನು ಹಾಕತೊಡಗಿದವು. ಆ ಹೊತ್ತಿಗೆ ಹುಡುಗನ ಹತ್ತಿರ ಖಾಯಂ ಬ್ಯಾಂಡೇ ಇರಲಿಲ್ಲ. ಹಾಡಿಗೆ ನುಡಿಸಿದವರು ಸ್ಟುಡಿಯೋದ ವಾದ್ಯಗಾರರು. ರೇಡಿಯೋದಲ್ಲಿ ಹಾಡು ಓಡುತ್ತಿದೆ, ವೇದಿಕೆ ಹತ್ತೋಕೆ ಜನ ಬೇಕು ಅಂತ 1983ರಲ್ಲಿ ಬ್ಯಾಂಡ್ ಕಟ್ಟಬೇಕಾಯಿತು, ಅದೇ ವರ್ಷ ಮರ್ಕ್ಯುರಿ ಕಂಪನಿಯ ಜೊತೆ ಒಪ್ಪಂದವೂ ಆಯಿತು. ಬಾನ್ ಜೋವಿ ಬ್ಯಾಂಡ್ ಹುಟ್ಟಿದ್ದು ಹೀಗೆ.

ಈ ಒಂದು ಘಟನೆ ಹಿಡಿದುಕೊಂಡರೆ ಇಡೀ ವಿಷಯ ಬಿಡಿಸಿ ನೋಡಬಹುದು. ಒಂದು ಹಾಡು ಅಪರಿಚಿತ ಕೇಳುಗನನ್ನು ಮುಟ್ಟಬೇಕಾದರೆ ನಡುವೆ ಯಾರೋ ಒಬ್ಬರು 'ಇದು ಚೆನ್ನಾಗಿದೆ, ಕೇಳಿ' ಅನ್ನಬೇಕು. ಆ ಮಾತು ಹೇಳುವವರ ಮೇಲೆ ಕೇಳುಗನಿಗೆ ನಂಬಿಕೆ ಇರಬೇಕು. ಮೆಲೋಡಿಕ್ ರಾಕ್ ಮಟ್ಟಿಗೆ ಸುಮಾರು ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದು ಇಬ್ಬರು, ರೇಡಿಯೋ ಡಿಜೆ ಮತ್ತು ಪತ್ರಿಕೆಯ ವಿಮರ್ಶಕ. ಇಬ್ಬರ ಕೆಲಸ ಒಂದೇ ಥರ ಕಾಣಿಸುತ್ತದೆ, ಆದರೆ ಒಂದೇ ಅಲ್ಲ. ರೇಡಿಯೋ ಹಾಡನ್ನು ಕಿವಿಗೆ ಹಾಕುತ್ತದೆ. ಪತ್ರಿಕೆ ಆ ಹಾಡಿನ ಹಿಂದಿರುವ ಬ್ಯಾಂಡಿನ ಮೇಲೆ ಪ್ರೀತಿ ಹುಟ್ಟಿಸುತ್ತದೆ. ಮೊದಲನೆಯದು ಬೇಗ ಆಗುತ್ತೆ, ಬೇಗ ಮರೆತೂ ಹೋಗುತ್ತೆ. ಎರಡನೆಯದು ನಿಧಾನ, ಆದರೆ ಬಾಳಿಕೆ ಬರುತ್ತೆ. ನನ್ನ ಪ್ರಕಾರ ಮೆಲೋಡಿಕ್ ರಾಕ್ ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಅನ್ನುವುದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲೇ ಇದೆ.

ಮೊದಲು ಮೆಲೋಡಿಕ್ ರಾಕ್ ಅಂದರೆ ಏನು ಅಂತ ಎರಡು ಮಾತು. ಗಿಟಾರ್ ಗಟ್ಟಿಯಾಗಿರುತ್ತೆ, ಆದರೆ ಮುಂದೆ ನಿಲ್ಲುವುದು ರಾಗ. ಕೀಬೋರ್ಡ್ ಧಾರಾಳ, ಪಲ್ಲವಿಯಲ್ಲಿ ನಾಲ್ಕೈದು ದನಿ ಒಟ್ಟಿಗೆ ಏಳುತ್ತವೆ, ಒಂದು ಸಲ ಕೇಳಿದರೆ ಮನೆಗೆ ಹೋಗುವಾಗ ಗುನುಗುವ ಹಾಗಿರುತ್ತೆ. ಜರ್ನಿ, ಫಾರಿನರ್, ಬಾಸ್ಟನ್, ಟೋಟೋ, ಸರ್ವೈವರ್, ಇಂಗ್ಲೆಂಡಿನ ಡೆಫ್ ಲೆಪರ್ಡ್, ಸ್ವೀಡನ್ನಿನ ಯುರೋಪ್, ಇವರೆಲ್ಲ ಈ ಸಾಲಿನವರು. ಈ ಸಂಗೀತಕ್ಕೆ ಎಒಆರ್ (ಆಲ್ಬಮ್ ಓರಿಯೆಂಟೆಡ್ ರಾಕ್) ಅಂತ ಇನ್ನೊಂದು ಹೆಸರಿದೆ. ಮೂಲದಲ್ಲಿ ಅದು ಸಂಗೀತದ ಹೆಸರೇ ಅಲ್ಲ, ಅಮೆರಿಕದಲ್ಲಿ ಆಲ್ಬಮ್ ಹಾಡುಗಳನ್ನು ಹಾಕುವ ಒಂದು ಬಗೆಯ ರೇಡಿಯೋ ಸ್ಟೇಷನ್ನಿನ ಹೆಸರು. ಸ್ಟೇಷನ್ನಿನ ಹೆಸರು ಸಂಗೀತಕ್ಕೇ ಅಂಟಿಕೊಂಡಿತು ಅಂದರೆ ಇವೆರಡರ ನಂಟು ಎಷ್ಟು ಹತ್ತಿರದ್ದು ಅಂತ ನೋಡಿ.

ಆ ಸ್ಟೇಷನ್‌ಗಳು ಬಂದಿದ್ದು ಎಲ್ಲಿಂದ? 1960ರ ದಶಕದ ತನಕ ಅಮೆರಿಕದಲ್ಲಿ ಎಎಂ (ಹಳೆಯ ಮೀಡಿಯಂ ವೇವ್ ರೇಡಿಯೋ) ಮತ್ತು ಎಫ್‌ಎಂ ಎರಡನ್ನೂ ಇಟ್ಟುಕೊಂಡ ಮಾಲೀಕರು ಎಎಂನಲ್ಲಿ ಬಂದಿದ್ದನ್ನೇ ಎಫ್‌ಎಂನಲ್ಲೂ ಬಿಡುತ್ತಿದ್ದರು. ಖರ್ಚಿಲ್ಲ, ತಲೆಬಿಸಿ ಇಲ್ಲ. ಆಮೇಲೆ ಸರ್ಕಾರದ ಪ್ರಸಾರ ಆಯೋಗ ಒಂದು ನಿಯಮ ತಂದಿತು. ದೊಡ್ಡ ಊರುಗಳ ಎಫ್‌ಎಂ ಸ್ಟೇಷನ್‌ಗಳು ಅರ್ಧಕ್ಕಿಂತ ಜಾಸ್ತಿ ಸಮಯ ಎಎಂನ ನಕಲನ್ನೇ ಹಾಕುವಂತಿಲ್ಲ ಅಂತ. ಈ ನಿಯಮ ನಿಜವಾಗಿ ಜಾರಿಯಾದಾಗ 1967. ಈಗ ಮಾಲೀಕರಿಗೆ ತುಂಬಿಸಲು ಸಮಯ ಬಿತ್ತು, ಏನು ಹಾಕಬೇಕು ಅಂತ ಗೊತ್ತಿಲ್ಲ. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಕೆಎಂಪಿಎಕ್ಸ್ ಸ್ಟೇಷನ್ನಿನಲ್ಲಿ ಟಾಮ್ ಡೊನಾಹ್ಯೂ ಎಂಬ ಡಿಜೆ ಆಲ್ಬಮ್‌ಗಳ ಉದ್ದುದ್ದ ಹಾಡುಗಳನ್ನು ತಮ್ಮ ಮನಸ್ಸಿಗೆ ಬಂದಂತೆ ಹಾಕಲು ಶುರು ಮಾಡಿದರು. ಎಎಂನಲ್ಲಿ ಮೂರು ನಿಮಿಷ ಮೀರಿದ ಹಾಡಿಗೆ ಜಾಗ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಸ್ಟೀರಿಯೋ ದನಿ ಬೇರೆ. ಕಾಲೇಜು ಹುಡುಗರು ಎಫ್‌ಎಂ ಕಡೆ ಬಂದರು.

1970ರ ದಶಕದಲ್ಲಿ ಇದಕ್ಕೆ ಲೆಕ್ಕಾಚಾರ ತಂದವರು ಲೀ ಏಬ್ರಮ್ಸ್. ಡಿಜೆಗೆ ಇಷ್ಟವಾದದ್ದು ಕೇಳುಗನಿಗೂ ಇಷ್ಟವಾಗುತ್ತದೆ ಅಂತ ಸುಮ್ನೆ ಅಂದುಕೊಳ್ಳುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ರೆಕಾರ್ಡ್ ಅಂಗಡಿಗಳಲ್ಲಿ ಕಾರ್ಡ್ ಇಡಿಸುತ್ತಿದ್ದರು. ಎಲ್‌ಪಿ ಕೊಂಡವರು ಹೆಸರು, ಫೋನ್ ನಂಬರ್ ಬರೆದು ಕೊಡುತ್ತಿದ್ದರು, ಆಮೇಲೆ ಅವರಿಗೆ ಫೋನ್ ಮಾಡಿ ಆ ಆಲ್ಬಮ್ಮಿನಲ್ಲಿ ಯಾವ ಹಾಡು ಹಿಡಿಸಿತು, ಇನ್ನೇನು ಕೇಳುತ್ತೀರಿ ಅಂತ ವಿಚಾರಿಸುತ್ತಿದ್ದರು. ದಾರಿಯಲ್ಲಿ ಸಿಕ್ಕ ಕಾರುಗಳಿಗೆ ಕೈ ಅಡ್ಡ ಹಿಡಿದು ಹತ್ತಿಕೊಂಡು, ಓಡಿಸುವವನು ಯಾವ ಹಾಡಿಗೆ ಸ್ಟೇಷನ್ ಬದಲಿಸುತ್ತಾನೆ ಅಂತ ನೋಡುತ್ತಿದ್ದರಂತೆ. ಹೀಗೆ ಸಿಕ್ಕ ತಿಳಿವಳಿಕೆಯಿಂದ ಒಂದು ಮಾದರಿ ಮಾಡಿ, ಕೆಂಟ್ ಬರ್ಕ್‌ಹಾರ್ಟ್ ಜೊತೆ ಸೇರಿ ದೇಶದ ಹತ್ತಾರು ಸ್ಟೇಷನ್‌ಗಳಿಗೆ ಸಲಹೆ ಕೊಟ್ಟರು. ಜನ ಹೆಚ್ಚು ಇಷ್ಟಪಡುವ ಬ್ಯಾಂಡುಗಳ ಹೆಚ್ಚು ಇಷ್ಟಪಡುವ ಹಾಡುಗಳನ್ನು ಮತ್ತೆ ಮತ್ತೆ ಹಾಕಿ, ಇದಿಷ್ಟೇ ಆ ಸಲಹೆಯ ಸಾರ.

ಇದರಿಂದ ಡಿಜೆಯ ಕೈ ಕಟ್ಟಿಹೋಯಿತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರು ಹೇಳುವುದರಲ್ಲಿ ಸತ್ಯ ಇದೆ. ಆದರೆ ಮೆಲೋಡಿಕ್ ರಾಕ್ ಬೆಳೆದಿದ್ದೇ ಈ ನೆಲದಲ್ಲಿ. ಕಾರಿನಲ್ಲಿ ಕೂತವನು ಹತ್ತು ಸೆಕೆಂಡಿನಲ್ಲಿ ಬಟನ್ ಒತ್ತಿಬಿಡುತ್ತಾನೆ ಅನ್ನುವಾಗ, ಬೇಗ ಹಿಡಿದುಕೊಳ್ಳುವ ರಾಗ, ತಿಳಿಯಾದ ದನಿ, ಎಲ್ಲರೂ ಸೇರಿ ಹಾಡಬಹುದಾದ ಪಲ್ಲವಿ ಇರುವ ಹಾಡು ಗೆಲ್ಲುತ್ತದೆ. 1976ರ ಆಗಸ್ಟಿನಲ್ಲಿ ಬಾಸ್ಟನ್ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಪೋಲರಾಯ್ಡ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಟಾಮ್ ಶೋಲ್ಸ್ ಅದರ ಬಹುಪಾಲು ರೆಕಾರ್ಡ್ ಮಾಡಿದ್ದು ತಮ್ಮ ಮನೆಯ ನೆಲಮಾಳಿಗೆಯಲ್ಲಿ. ಬ್ಯಾಂಡಿನ ಹೆಸರೇ ಜನಕ್ಕೆ ಗೊತ್ತಿರಲಿಲ್ಲ, ಮುಖ ನೋಡಿರಲಿಲ್ಲ. ಎಫ್‌ಎಂ ಸ್ಟೇಷನ್‌ಗಳು ಹಾಡು ಹಾಕಿದವು. ಅಮೆರಿಕ ಒಂದರಲ್ಲೇ ಆ ಆಲ್ಬಮ್ 1.7 ಕೋಟಿ ಮಾರಾಟದ ಮಾನ್ಯತೆ ಪಡೆದಿದೆ. ಜರ್ನಿ ಬ್ಯಾಂಡ್ ನೋಡಿ. ಮೊದಲ ಮೂರು ಆಲ್ಬಮ್‌ಗಳಲ್ಲಿ ಉದ್ದುದ್ದ ವಾದ್ಯ ಸಂಗೀತ ಜಾಸ್ತಿ, ಮಾರಾಟ ಕಡಿಮೆ. ಒಬ್ಬ ಒಳ್ಳೆ ಹಾಡುಗಾರನನ್ನು ತನ್ನಿ ಅಂತ ಕಂಪನಿ ಒತ್ತಾಯ ಮಾಡಿತು. ಸ್ಟೀವ್ ಪೆರಿ ಬಂದರು, 1978ರ 'ಇನ್ಫಿನಿಟಿ'ಯಿಂದ ಕಥೆ ಬದಲಾಯಿತು. ಅಂದರೆ ರೇಡಿಯೋ ಹಾಡನ್ನು ಪ್ರಚಾರ ಮಾಡುವುದರ ಜೊತೆಗೆ ಹಾಡು ಹೇಗಿರಬೇಕು ಅಂತಲೂ ತೀರ್ಮಾನ ಮಾಡುತ್ತಿತ್ತು.

ಈಗ ಒಳಗಿನ ಯಂತ್ರ ಹೇಗೆ ಓಡುತ್ತಿತ್ತು ಅಂತ ನೋಡೋಣ. ಆಲ್ಬಮ್ ಅಂಗಡಿಗೆ ಬರುವ ಮೊದಲೇ ಕಂಪನಿಯ ರೇಡಿಯೋ ಪ್ರಮೋಷನ್ ವಿಭಾಗ ಸ್ಟೇಷನ್‌ಗಳಿಗೆ ಪ್ರೋಮೋ ರೆಕಾರ್ಡ್ ಕಳಿಸುತ್ತಿತ್ತು. ಅದರ ಲೇಬಲ್ ಮೇಲೆ ಹಾಡಿನ ಒಟ್ಟು ಉದ್ದದ ಜೊತೆಗೆ, ಬಹಳ ಸಲ, ಹಾಡುಗಾರ ಬಾಯಿ ತೆರೆಯುವ ಮುಂಚೆ ಎಷ್ಟು ಸೆಕೆಂಡ್ ಬರೀ ವಾದ್ಯ ಇದೆ ಅಂತಲೂ ಅಚ್ಚು ಹಾಕಿರುತ್ತಿದ್ದರು. ಯಾಕೆ ಗೊತ್ತಾ? ಅಷ್ಟು ಸೆಕೆಂಡಿನಲ್ಲಿ ಡಿಜೆ ಮಾತಾಡಿ ಮುಗಿಸಬೇಕು, ಹಾಡಿನ ಮೊದಲ ಪದದ ಮೇಲೆ ಅವನ ಮಾತು ಬೀಳಬಾರದು. ದೊಡ್ಡ ಹಾಡಾದರೆ, ಒಂದೇ ಹಾಡಿಗೆ ಅಂತ ಮಾರುವ ರೆಕಾರ್ಡ್ ಆದ ಸಿಂಗಲ್‌ಗೆ ಅಂತ ಕತ್ತರಿಸಿದ ಆವೃತ್ತಿ ಒಂದು ಇರುತ್ತಿತ್ತು. ಆಲ್ಬಮ್ ಸ್ಟೇಷನ್‌ಗಳಿಗೆ ಪೂರ್ತಿ ಹಾಡು, ಹಿಟ್ ಹಾಡುಗಳ ಸ್ಟೇಷನ್‌ಗೆ ಕತ್ತರಿಸಿದ್ದು. 1981ರಲ್ಲಿ ಬಂದ ಜರ್ನಿಯ 'ಡೋಂಟ್ ಸ್ಟಾಪ್ ಬಿಲೀವಿನ್' ಹಾಡಿನಲ್ಲಿ ಪಲ್ಲವಿ ಬರುವುದೇ ಸುಮಾರು ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಆದ ಮೇಲೆ. ಆಗಿನ ಲೆಕ್ಕಾಚಾರದ ಪ್ರಕಾರ ಇದು ರೇಡಿಯೋಗೆ ಒಗ್ಗದ ಹಾಡು. ಆದರೂ ಓಡಿತು, ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಹೋಯಿತು. ಆಲ್ಬಮ್ ಕೇಳಿ ಅಭ್ಯಾಸ ಆಗಿದ್ದ ಕೇಳುಗರಿಗೆ ಕಾಯುವ ತಾಳ್ಮೆ ಇತ್ತು ಅಂತ ನಾನು ಅಂದುಕೊಂಡಿದ್ದೇನೆ, ಆ ತಾಳ್ಮೆಯನ್ನು ಬೆಳೆಸಿದ್ದೂ ಅದೇ ಸ್ಟೇಷನ್‌ಗಳು.

ಸ್ಟೇಷನ್ನಿನಲ್ಲಿ ಯಾವ ಹೊಸ ಹಾಡು ಸೇರಿಸಬೇಕು ಅಂತ ನಿರ್ಧರಿಸುವವರು ಪ್ರೋಗ್ರಾಂ ಡೈರೆಕ್ಟರ್ ಅಥವಾ ಮ್ಯೂಸಿಕ್ ಡೈರೆಕ್ಟರ್. ವಾರಕ್ಕೊಮ್ಮೆ ಅವರು ತಮ್ಮ ಪಟ್ಟಿಯನ್ನು ವ್ಯಾಪಾರಿ ಪತ್ರಿಕೆಗಳಿಗೆ ಕಳಿಸುತ್ತಿದ್ದರು. 1973ರಲ್ಲಿ ಶುರುವಾದ 'ರೇಡಿಯೋ ಆ್ಯಂಡ್ ರೆಕಾರ್ಡ್ಸ್' ಇಂಥದ್ದರಲ್ಲಿ ಮುಖ್ಯವಾದದ್ದು. ಸಾಮಾನ್ಯ ಕೇಳುಗ ಅದನ್ನು ನೋಡಿಯೂ ಇರುವುದಿಲ್ಲ, ಅದು ಉದ್ಯಮದವರಿಗಾಗಿ ಇದ್ದ ಪತ್ರಿಕೆ. ಆದರೆ ಒಂದು ಊರಿನ ಸ್ಟೇಷನ್ ಹೊಸ ಹಾಡು ಸೇರಿಸಿತು ಅಂತ ಅಲ್ಲಿ ಅಚ್ಚಾದರೆ, ಇನ್ನೊಂದು ಊರಿನವರಿಗೆ ಧೈರ್ಯ ಬರುತ್ತಿತ್ತು. ಹಾಗಾಗಿ ಕಂಪನಿಯವರು ಮೊದಲು ಸಣ್ಣ ಊರುಗಳ ಸ್ಟೇಷನ್‌ಗಳನ್ನು ಒಪ್ಪಿಸಿ, ಆ ಪಟ್ಟಿ ತೋರಿಸಿಕೊಂಡು ದೊಡ್ಡ ಊರಿನ ಸ್ಟೇಷನ್‌ಗೆ ಹೋಗುತ್ತಿದ್ದರು. 1981ರ ಮಾರ್ಚಿನಲ್ಲಿ ಬಿಲ್‌ಬೋರ್ಡ್ ಕೂಡ ರಾಕ್ ರೇಡಿಯೋಗೆ ಅಂತಲೇ ಬೇರೆ ಪಟ್ಟಿ ಶುರು ಮಾಡಿತು. ಅಂಗಡಿಯಲ್ಲಿ ಸಿಂಗಲ್ ಆಗಿ ಸಿಗದ ಹಾಡೂ ಈ ಪಟ್ಟಿಗೆ ಬರಬಹುದಿತ್ತು. ಎಷ್ಟೋ ಮೆಲೋಡಿಕ್ ರಾಕ್ ಬ್ಯಾಂಡುಗಳು ಜೀವ ಹಿಡಿದಿದ್ದು ಇಂಥ ಹಾಡುಗಳಿಂದ.

ಇನ್ನೊಂದು ಉಪಾಯ ಹೊತ್ತಿನದು. ಹಗಲು ಹೊತ್ತು ಕಚೇರಿ, ಅಂಗಡಿಗಳಲ್ಲಿ ಎಲ್ಲ ಬಗೆಯ ಜನ ರೇಡಿಯೋ ಕೇಳುತ್ತಾರೆ, ರಾತ್ರಿ ಹರೆಯದವರು ಜಾಸ್ತಿ. ಅದಕ್ಕೇ ಹಗಲಲ್ಲಿ ನಿಧಾನದ ಪ್ರೇಮಗೀತೆ, ರಾತ್ರಿ ಗಿಟಾರ್ ಗಟ್ಟಿಯಾಗಿರುವ ಹಾಡು. ಒಂದೇ ಆಲ್ಬಮ್ಮಿನಲ್ಲಿ ಎರಡೂ ಇದ್ದರೆ ಬ್ಯಾಂಡಿಗೆ ದಿನವಿಡೀ ಜಾಗ. ಆರ್‌ಇಒ ಸ್ಪೀಡ್‌ವ್ಯಾಗನ್ 1970ರ ದಶಕ ಪೂರ್ತಿ ಅಮೆರಿಕದ ನಡುಭಾಗದ ಊರುಗಳಲ್ಲಿ ಸುತ್ತಿ ಸುತ್ತಿ ಸಂಗೀತ ಕಛೇರಿ ಮಾಡಿದ ಬ್ಯಾಂಡ್. 1980ರ ಕೊನೆಯಲ್ಲಿ ಬಂದ ಅವರ 'ಹೈ ಇನ್ಫಿಡೆಲಿಟಿ' ಆಲ್ಬಮ್ ಒಂದು ಪ್ರೇಮಗೀತೆಯ ಬಲದಿಂದ ಹಗಲಿನ ರೇಡಿಯೋಗೂ ಹೊಕ್ಕಿತು, 1981ರಲ್ಲಿ ಒಟ್ಟು 15 ವಾರ ಮೊದಲ ಸ್ಥಾನದಲ್ಲಿತ್ತು. ಅಷ್ಟೇ ಅಲ್ಲ, 'ಕಿಂಗ್ ಬಿಸ್ಕಿಟ್ ಫ್ಲವರ್ ಅವರ್' ಎಂಬ ಕಾರ್ಯಕ್ರಮ 1973ರಿಂದ ನೇರ ಕಛೇರಿಗಳ ರೆಕಾರ್ಡಿಂಗನ್ನು ದೇಶದ ಸ್ಟೇಷನ್‌ಗಳಿಗೆಲ್ಲ ಕಳಿಸುತ್ತಿತ್ತು. ಬ್ಯಾಂಡ್ ನಿಮ್ಮ ಊರಿಗೆ ಬರುವ ಮೊದಲೇ ಅದರ ಕಛೇರಿ ನಿಮ್ಮ ಮನೆಗೆ ಬಂದಿರುತ್ತಿತ್ತು.

ಈ ವ್ಯವಸ್ಥೆಗೆ ಒಂದು ಕೆಟ್ಟ ಮುಖ ಇತ್ತು, ಅದನ್ನು ಮುಚ್ಚಿಡುವುದು ತಪ್ಪು. ದುಡ್ಡು ಕೊಟ್ಟು ಹಾಡು ಹಾಕಿಸುವುದು. ಇದಕ್ಕೆ ಪೇಯೋಲಾ ಅನ್ನುತ್ತಾರೆ. ಕೇಳುಗರಿಗೆ ತಿಳಿಸದೆ ಹಾಗೆ ಮಾಡುವುದು 1960ರಿಂದಲೇ ಅಮೆರಿಕದಲ್ಲಿ ಅಪರಾಧ. ಆದರೆ ಕಂಪನಿಗಳು ನೇರವಾಗಿ ಕೊಡದೆ ನಡುವೆ ಸ್ವತಂತ್ರ ಪ್ರಮೋಟರ್‌ಗಳನ್ನು ಇಟ್ಟುಕೊಂಡವು. ಇಂತಿಂಥ ಸ್ಟೇಷನ್ ಇವರ ಕೈಯಲ್ಲಿದೆ, ಇವರಿಗೆ ಹಣ ಕೊಟ್ಟರೆ ಹಾಡು ಸೇರುತ್ತೆ, ಇಲ್ಲದಿದ್ದರೆ ಸೇರಲ್ಲ ಅನ್ನುವ ಸ್ಥಿತಿ. 1986ರಲ್ಲಿ ಎನ್‌ಬಿಸಿ ಟಿವಿ ಇದರ ಬಗ್ಗೆ ವರದಿ ಮಾಡಿದ ಮೇಲೆ ದೊಡ್ಡ ಕಂಪನಿಗಳು ಸ್ವಲ್ಪ ಕಾಲ ಅವರಿಂದ ದೂರ ಸರಿದವು. ರೋಗ ಹೋಗಲಿಲ್ಲ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ತನಿಖೆಯ ನಂತರ ಸೋನಿ ಬಿಎಂಜಿ 1 ಕೋಟಿ ಡಾಲರ್, ವಾರ್ನರ್ 50 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡವು. ನಷ್ಟ ಆಗಿದ್ದು ಯಾರಿಗೆ? ಹಾಡು ಚೆನ್ನಾಗಿದ್ದು ಕೈಯಲ್ಲಿ ಕಾಸಿಲ್ಲದ ಸಣ್ಣ ಬ್ಯಾಂಡುಗಳಿಗೆ. ಹೆಸರೇ ಕೇಳದೆ ಮುಗಿದುಹೋದ ಅಂಥವರು ಎಷ್ಟಿದ್ದಾರೋ, ನೆನೆಸಿಕೊಂಡರೆ ಬೇಜಾರಾಗುತ್ತೆ.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಅಮೆರಿಕದ ಹಾಗೆ ಊರಿಗೊಂದು ರಾಕ್ ಸ್ಟೇಷನ್ ಇರಲಿಲ್ಲ. ಬಿಬಿಸಿ ರೇಡಿಯೋ 1ರಲ್ಲಿ ಶುಕ್ರವಾರ ರಾತ್ರಿ ಹತ್ತರಿಂದ ಹನ್ನೆರಡರ ತನಕ 'ಫ್ರೈಡೇ ರಾಕ್ ಶೋ' ಬರುತ್ತಿತ್ತು, 1978ರಲ್ಲಿ ಶುರುವಾಗಿ 1993ರ ತನಕ ನಡೆಯಿತು. ನಡೆಸುತ್ತಿದ್ದವರು ಟಾಮಿ ವಾನ್ಸ್, ಆ ಆಳವಾದ ದನಿಯನ್ನು ಕೇಳಿದವರು ಮರೆಯುವುದಿಲ್ಲ. ರೇಡಿಯೋ 1ಕ್ಕೆ ಆಗ ಸ್ವಂತ ಎಫ್‌ಎಂ ಇರಲಿಲ್ಲ, ರಾತ್ರಿ ಆ ಎರಡು ಗಂಟೆ ರೇಡಿಯೋ 2ರ ಎಫ್‌ಎಂ ಎರವಲು ಸಿಗುತ್ತಿತ್ತು. ಹಾಗಾಗಿ ಸ್ಟೀರಿಯೋದಲ್ಲಿ ರಾಕ್ ಕೇಳಬೇಕಿದ್ದ ಹುಡುಗರು ಕ್ಯಾಸೆಟ್ ಹಾಕಿಕೊಂಡು ಕಾಯುತ್ತಿದ್ದರು. ಇನ್ನೊಂದು ಕಟ್ಟುಪಾಡು ಇತ್ತು. ಅಂಗಡಿಯಲ್ಲಿ ಮಾರುವ ರೆಕಾರ್ಡುಗಳನ್ನು ದಿನಕ್ಕೆ ಇಷ್ಟೇ ಹೊತ್ತು ಹಾಕಬಹುದು ಎಂಬ ಒಪ್ಪಂದ. ಅದಕ್ಕೆ ಬಿಬಿಸಿ ಬ್ಯಾಂಡುಗಳನ್ನು ತನ್ನ ಸ್ಟುಡಿಯೋಗೇ ಕರೆಸಿ ಹೊಸದಾಗಿ ರೆಕಾರ್ಡ್ ಮಾಡಿಸುತ್ತಿತ್ತು. ಇದರಿಂದ ಒಪ್ಪಂದವೇ ಇಲ್ಲದ ಹೊಸ ಬ್ಯಾಂಡುಗಳಿಗೂ ಇಡೀ ದೇಶ ಕೇಳುವ ಅವಕಾಶ ಸಿಕ್ಕಿತು.

ಎರಡು ಗಂಟೆ ಸಾಲುತ್ತಾ? ಸಾಲುವುದಿಲ್ಲ. ಉಳಿದ ವಾರವನ್ನು ತುಂಬಿದ್ದು ಪತ್ರಿಕೆ. 1979ರಲ್ಲಿ ಶೆಫೀಲ್ಡಿನ ಡೆಫ್ ಲೆಪರ್ಡ್ ಹುಡುಗರು ತಾವೇ ದುಡ್ಡು ಹಾಕಿ ಮೂರು ಹಾಡಿನ ಒಂದು ರೆಕಾರ್ಡ್ ತಂದರು. ಹಾಡುಗಾರ ಜೋ ಎಲಿಯಟ್ ಅದರ ಒಂದು ಪ್ರತಿಯನ್ನು ಬಿಬಿಸಿಯ ಡಿಜೆ ಜಾನ್ ಪೀಲ್ ಕೈಗೆ ಕೊಟ್ಟರು, ಪೀಲ್ ಅದನ್ನು ರೇಡಿಯೋದಲ್ಲಿ ಹಾಕಿದರು. ಅದೇ ವರ್ಷ 'ಸೌಂಡ್ಸ್' ವಾರಪತ್ರಿಕೆಯ ಜೆಫ್ ಬಾರ್ಟನ್ ಶೆಫೀಲ್ಡಿಗೇ ಹೋಗಿ ಬ್ಯಾಂಡ್ ಬಗ್ಗೆ ಬರೆದರು. ಒಬ್ಬರು ಕೇಳಿಸಿದರು, ಇನ್ನೊಬ್ಬರು ಪರಿಚಯ ಮಾಡಿಸಿದರು. ಎರಡೂ ಒಂದೇ ವರ್ಷದಲ್ಲಿ ಆಗಿದ್ದೇ ಇಲ್ಲಿ ಮುಖ್ಯ. ದೊಡ್ಡ ಕಂಪನಿ ಹುಡುಕಿಕೊಂಡು ಬಂತು.

ಇದೇ ಬಾರ್ಟನ್ 1981ರ ಜೂನಿನಲ್ಲಿ 'ಸೌಂಡ್ಸ್' ಬಳಗದಿಂದ ಒಂದೇ ಒಂದು ವಿಶೇಷ ಸಂಚಿಕೆ ಅಂತ 'ಕೆರಾಂಗ್' ತಂದರು. ಮುಖಪುಟದಲ್ಲಿ ಎಸಿ/ಡಿಸಿಯ ಆಂಗಸ್ ಯಂಗ್. ಅದು ಎಷ್ಟು ಚೆನ್ನಾಗಿ ಹೋಯಿತೆಂದರೆ ಖಾಯಂ ಪತ್ರಿಕೆಯೇ ಆಯಿತು, ಆಮೇಲೆ ಹದಿನೈದು ದಿನಕ್ಕೊಮ್ಮೆ, 1987ರಿಂದ ವಾರಕ್ಕೊಮ್ಮೆ. ಹೆಸರು ಕೇಳಿದರೆ ಹೆವಿ ಮೆಟಲ್ ಪತ್ರಿಕೆ ಅನ್ನಿಸುತ್ತೆ. ಆದರೆ ಅಲ್ಲಿನ ಬರಹಗಾರರಲ್ಲಿ ಡೆರೆಕ್ ಆಲಿವರ್, ಮಾಲ್ಕಮ್ ಡೋಮ್ ಥರದವರು ಎಒಆರ್ ಸಂಗೀತವನ್ನು ಜೀವದಷ್ಟು ಪ್ರೀತಿಸುತ್ತಿದ್ದರು. ಅಮೆರಿಕದಲ್ಲೇ ಯಾರೂ ಕೇಳದ ಆಲ್ಬಮ್ ಹುಡುಕಿ ತಂದು, ಐದಕ್ಕೆ ಐದು 'ಕೆ' (ಆ ಪತ್ರಿಕೆ ಕೊಡುವ ಅಂಕ) ಕೊಟ್ಟು ಹೊಗಳಿ ಬರೆಯುತ್ತಿದ್ದರು. ಓದಿದವನಿಗೆ ಅದು ಎಲ್ಲಿ ಸಿಗಬೇಕು? ಅದಕ್ಕೂ ದಾರಿ ಇತ್ತು. ಲಂಡನ್ನಿನ ಸೋಹೋದಲ್ಲಿ ಷೇಡ್ಸ್ ಎಂಬ ಅಂಗಡಿ ಅಮೆರಿಕದಿಂದ ರೆಕಾರ್ಡ್ ತರಿಸಿ ಮಾರುತ್ತಿತ್ತು, ಆ ಅಂಗಡಿಯ ಜಾಹೀರಾತು ಪತ್ರಿಕೆಯಲ್ಲೇ ಬರುತ್ತಿತ್ತು. ವಿಮರ್ಶೆ ಓದು, ಜಾಹೀರಾತು ನೋಡು, ಅಂಗಡಿಗೆ ಹೋಗು. ರೇಡಿಯೋ ಇಲ್ಲದೆಯೂ ಸರಪಳಿ ಪೂರ್ತಿಯಾಯಿತು.

ಹಾಡನ್ನು ಕೇಳಿಸಲಾರದ ಕಾಗದದ ಮೇಲೆ ಹಾಡಿನ ಆಸೆ ಹುಟ್ಟಿಸುವುದು ಸಣ್ಣ ಕೆಲಸವಲ್ಲ. ಆ ವಿಮರ್ಶಕರು ಹೋಲಿಕೆ ಕೊಟ್ಟು ಬರೆಯುತ್ತಿದ್ದರು. ಇವನ ದನಿ ಸ್ಟೀವ್ ಪೆರಿ ಥರ, ಕೀಬೋರ್ಡ್ ಟೋಟೋ ಥರ, ಗಿಟಾರ್ ಇನ್ನೂ ಸ್ವಲ್ಪ ಖಾರ, ಹೀಗೆ. ಒಬ್ಬನೇ ವಿಮರ್ಶಕನನ್ನು ವರ್ಷಗಟ್ಟಲೆ ಓದುತ್ತಾ ಓದುತ್ತಾ ಅವನ ರುಚಿ ನಿಮಗೆ ಗೊತ್ತಾಗಿರುತ್ತೆ. ಅವನು ಹೊಗಳಿದರೆ ಕಣ್ಣು ಮುಚ್ಚಿ ಕೊಳ್ಳಬಹುದು, ಅಥವಾ ಅವನು ಬೈದರೆ ಖಂಡಿತ ಕೊಳ್ಳಬೇಕು. ಎರಡೂ ನಂಬಿಕೆಯೇ. ಜರ್ಮನಿಯ ಡಾರ್ಟ್‌ಮುಂಡಿನಲ್ಲಿ 1983ರಲ್ಲಿ ಅಭಿಮಾನಿಗಳೇ ಅಚ್ಚು ಹಾಕಿಸಿ ಶುರು ಮಾಡಿದ 'ರಾಕ್ ಹಾರ್ಡ್' ಕೂಡ ಇಂಥದ್ದೇ ನಂಬಿಕೆಯಿಂದ ದೊಡ್ಡ ಪತ್ರಿಕೆಯಾಗಿ ಬೆಳೆಯಿತು.

ಪತ್ರಿಕೆಯ ಬಲ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಜಪಾನ್ ನೋಡಬೇಕು. ಅಮೆರಿಕದ ಚೀಪ್ ಟ್ರಿಕ್ ತನ್ನ ದೇಶದಲ್ಲಿ ಅಷ್ಟೇನೂ ಹೆಸರಿಲ್ಲದ ಕಾಲದಲ್ಲೇ ಜಪಾನಿನ 'ಮ್ಯೂಸಿಕ್ ಲೈಫ್' ಪತ್ರಿಕೆ ಅವರ ಫೋಟೋ, ಸಂದರ್ಶನ ಹಾಕಿ ಹಾಕಿ ಅಲ್ಲಿನ ಹುಡುಗಿಯರ ಮನಸ್ಸು ಗೆಲ್ಲಿಸಿತ್ತು. 1978ರ ಏಪ್ರಿಲಿನಲ್ಲಿ ಬ್ಯಾಂಡ್ ಟೋಕಿಯೋದ ದೊಡ್ಡ ಸಭಾಂಗಣ ಬುಡೋಕಾನ್‌ನಲ್ಲಿ ಹಾಡಿತು. ಅದರ ರೆಕಾರ್ಡಿಂಗನ್ನು ಜಪಾನಿಗೆ ಮಾತ್ರ ಅಂತ ಆಲ್ಬಮ್ ಮಾಡಿದರು. ಅದು ಆಮದಾಗಿ ಅಮೆರಿಕಕ್ಕೆ ಬಂತು. ಇತ್ತ ಕಂಪನಿ ಅದರಲ್ಲಿ ಏಳು ಹಾಡು ಆರಿಸಿ ರೇಡಿಯೋಗಳಿಗೆ ಪ್ರೋಮೋ ಎಲ್‌ಪಿ ಕಳಿಸಿತು. ಸ್ಟೇಷನ್‌ಗಳು ಹಾಕಿದವು, ಜನ ಕೇಳಿದರು, 1979ರಲ್ಲಿ ಅಮೆರಿಕದಲ್ಲೇ ಬಿಡುಗಡೆ ಮಾಡಬೇಕಾಯಿತು. ಪಟ್ಟಿಯಲ್ಲಿ 4ನೇ ಸ್ಥಾನ. ಒಂದು ಜಪಾನಿ ಪತ್ರಿಕೆ ಹಚ್ಚಿದ ದೀಪ ಅಮೆರಿಕದ ರೇಡಿಯೋ ತನಕ ಬೆಳಕು ಕೊಟ್ಟಿತು.

1984ರಲ್ಲಿ ಅಲ್ಲಿ 'ಬರ್ನ್' ಎಂಬ ಪತ್ರಿಕೆ ಬಂತು. ಅದು ಆಲ್ಬಮ್‌ಗಳಿಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ, ಆ ಅಂಕಕ್ಕೆ ಅಲ್ಲಿ ತುಂಬಾ ಬೆಲೆ. ಜರ್ಮನಿಯ ಫೇರ್ ವಾರ್ನಿಂಗ್, ಕೆನಡಾದ ಹೇರಮ್ ಸ್ಕೇರಮ್ ಬ್ಯಾಂಡುಗಳಿಗೆ 1990ರ ದಶಕದಲ್ಲಿ ತಮ್ಮ ಊರಿಗಿಂತ ಜಪಾನಿನಲ್ಲೇ ಹೆಚ್ಚು ಅಭಿಮಾನಿಗಳಿದ್ದರು. ಜಪಾನಿನ ಸಿಡಿಗಳಲ್ಲಿ ಒಂದು ಹಾಡು ಜಾಸ್ತಿ ಇರುವುದನ್ನು ಸಂಗ್ರಹ ಮಾಡುವವರು ನೋಡಿರುತ್ತಾರೆ. ಅಲ್ಲಿ ತಯಾರಾದ ಸಿಡಿಗಿಂತ ಆಮದು ಸಿಡಿ ಅಗ್ಗ. ಜನ ಆಮದಿನ ಕಡೆ ಹೋಗದಿರಲಿ ಅಂತ ಅಲ್ಲಿನ ಕಂಪನಿಗಳು ಬ್ಯಾಂಡಿನಿಂದ ಒಂದು ಹೆಚ್ಚಿನ ಹಾಡು ಕೇಳಿ ಪಡೆಯುತ್ತಿದ್ದವು.

1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' ಬಂದ ಮೇಲೆ ಅಮೆರಿಕದ ರೇಡಿಯೋ ಮೆಲೋಡಿಕ್ ರಾಕ್ ಕೈಬಿಟ್ಟ ವೇಗ ನೋಡಿದರೆ ಎದೆ ಝಲ್ಲೆನ್ನುತ್ತದೆ. ಗ್ರಂಜ್ ಎಂಬ ಒರಟು ದನಿಯ ರಾಕ್ ನುಡಿಸುವ ಸಿಯಾಟಲ್ ಬ್ಯಾಂಡುಗಳು ಬಂದವು, ಹಳೆಯ ಬ್ಯಾಂಡುಗಳ ಹೊಸ ಹಾಡಿಗೆ ಜಾಗ ಇಲ್ಲವಾಯಿತು, ಕಂಪನಿಗಳು ಒಪ್ಪಂದ ರದ್ದು ಮಾಡಿದವು. 1996ರ ಟೆಲಿಕಾಂ ಕಾಯ್ದೆ ಇನ್ನೊಂದು ಏಟು. ಅದಕ್ಕೆ ಮುಂಚೆ ಒಂದು ಕಂಪನಿ ದೇಶದಲ್ಲಿ 40 ಸ್ಟೇಷನ್ ಮಾತ್ರ ಇಟ್ಟುಕೊಳ್ಳಬಹುದಿತ್ತು. ಮಿತಿ ತೆಗೆದರು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯ ಕೈಯಲ್ಲಿ 1,200ಕ್ಕೂ ಹೆಚ್ಚು ಸ್ಟೇಷನ್‌ಗಳಿದ್ದವು. ಹಾಡಿನ ಪಟ್ಟಿ ದೂರದ ಕಚೇರಿಯಿಂದ ಬರುವಂತಾಯಿತು. ಟೇಪ್ ಹಿಡಿದು ಬಂದ ಹುಡುಗನಿಗೆ ಬಾಗಿಲು ತೆರೆಯುವ ಅಧಿಕಾರ ಸ್ಥಳೀಯ ಡಿಜೆಗೆ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಈ ಸಂಗೀತಕ್ಕೆ ಗ್ರಂಜ್‌ಗಿಂತ ಹೆಚ್ಚು ಪೆಟ್ಟು ಕೊಟ್ಟಿದ್ದು ಇದು. ಫ್ಯಾಷನ್ ತಿರುಗಿ ಬರಬಹುದು, ಕಳೆದುಹೋದ ಸ್ಥಳೀಯ ಡಿಜೆ ಬರುವುದಿಲ್ಲ.

ಆದರೆ ಜಪಾನ್, ಜರ್ಮನಿ, ಇಂಗ್ಲೆಂಡ್, ಸ್ವೀಡನ್, ಇಟಲಿಗಳಲ್ಲಿ ಓದುಗರಿದ್ದರಲ್ಲ, ಅವರು ಹೋಗಲಿಲ್ಲ. 1996ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಸೆರಾಫಿನೊ ಪೆರುಜಿನೊ 'ಫ್ರಾಂಟಿಯರ್ಸ್' ಎಂಬ ಲೇಬಲ್ (ರೆಕಾರ್ಡ್ ಕಂಪನಿ) ಶುರು ಮಾಡಿದರು. ಹೆಸರು 1983ರ ಜರ್ನಿ ಆಲ್ಬಮ್ಮಿನದು. ಮುಂದೆ ಜರ್ನಿಯೇ ಯುರೋಪಿನಲ್ಲಿ ಆ ಲೇಬಲ್‌ನಿಂದ ಆಲ್ಬಮ್ ತಂದಿತು. 1998ರಲ್ಲಿ ಇಂಗ್ಲೆಂಡಿನಲ್ಲಿ 'ಕ್ಲಾಸಿಕ್ ರಾಕ್' ಪತ್ರಿಕೆ ಬಂತು, ಜೊತೆಗೆ ಸಿಡಿ ಅಂಟಿಸಿ ಕೊಡುತ್ತಿದ್ದರು, ಅಂದರೆ ಪತ್ರಿಕೆಯೇ ರೇಡಿಯೋ ಕೆಲಸವನ್ನೂ ಮಾಡಿತು. ಮೆಲೋಡಿಕ್ ರಾಕ್‌ಗೆ ಅಂತಲೇ 'ಫೈರ್‌ವರ್ಕ್ಸ್' ಪತ್ರಿಕೆ ಬಂತು. ನಾಟಿಂಗ್‌ಹ್ಯಾಮಿನಲ್ಲಿ 2014ರ ತನಕ ಈ ಸಂಗೀತದ ಹಬ್ಬವಾದ 'ಫೈರ್‌ಫೆಸ್ಟ್' ನಡೆಯಿತು. 1999ರಲ್ಲಿ ಶುರುವಾದ 'ಪ್ಲಾನೆಟ್ ರಾಕ್' ಡಿಜಿಟಲ್ ರೇಡಿಯೋವನ್ನು 2008ರಲ್ಲಿ ಮಾಲೀಕ ಕಂಪನಿ ಮುಚ್ಚುತ್ತೇವೆ ಅಂದಾಗ, ಮಾಲ್ಕಮ್ ಬ್ಲೂಮೆಲ್ ಎಂಬ ಉದ್ಯಮಿ ಟೋನಿ ಅಯೋಮಿ, ಇಯಾನ್ ಆಂಡರ್ಸನ್, ಗ್ಯಾರಿ ಮೂರ್ ಥರದ ಸಂಗೀತಗಾರರ ಜೊತೆ ಸೇರಿ ಕೊಂಡು ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಈ ದಾರಿ ತಡವಾಗಿ ತೆರೆಯಿತು. ರೇಡಿಯೋ ಪೂರ್ತಿ ಆಕಾಶವಾಣಿಯ ಕೈಯಲ್ಲಿತ್ತು. ಬೆಂಗಳೂರಿನಲ್ಲಿ ರೇಡಿಯೋ ಸಿಟಿ 2001ರ ಜುಲೈನಲ್ಲಿ ಶುರುವಾಗಿದ್ದೇ ದೇಶದ ಮೊದಲ ಖಾಸಗಿ ಎಫ್‌ಎಂ. ಇಂಗ್ಲಿಷ್ ಹಾಡುಗಳಿಗೆ ಅಂತಲೇ ರೇಡಿಯೋ ಇಂಡಿಗೋ ಬಂದಿದ್ದು ಇನ್ನೂ ಆಮೇಲೆ. ಹಾಗಾಗಿ 1995ರಲ್ಲಿ ಬಾನ್ ಜೋವಿ ಮುಂಬೈಗೆ ಬಂದಾಗ ಸೇರಿದ ಜನ ಖಾಸಗಿ ರಾಕ್ ರೇಡಿಯೋ ಬೆಳೆಸಿದ ಜನ ಅಲ್ಲ, ಟಿವಿಯ ಸಂಗೀತ ಚಾನೆಲ್ ಮತ್ತು ಕೈಯಿಂದ ಕೈಗೆ ಹೋದ ಕ್ಯಾಸೆಟ್ ಬೆಳೆಸಿದವರು. ಪತ್ರಿಕೆಯ ಜಾಗವನ್ನು ಅಲಹಾಬಾದಿನಿಂದ 1993ರಲ್ಲಿ ಅಮಿತ್ ಸೈಗಲ್ ಶುರು ಮಾಡಿದ 'ರಾಕ್ ಸ್ಟ್ರೀಟ್ ಜರ್ನಲ್' ತುಂಬಿತು. ದೇಶದ ಬೇರೆ ಬೇರೆ ಊರಿನ ಬ್ಯಾಂಡುಗಳಿಗೆ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಾಗಿದ್ದು ಅದರಿಂದ.

ಇವತ್ತು ಒಂದು ಮೆಲೋಡಿಕ್ ರಾಕ್ ಬ್ಯಾಂಡ್ ಪತ್ರಿಕೆ, ರೇಡಿಯೋ ಎರಡಕ್ಕೂ ಹೋಗಬೇಕಾದರೆ ಮೊದಲು ಕ್ಯಾಲೆಂಡರ್ ನೋಡಬೇಕು. ಅಚ್ಚಾಗುವ ಪತ್ರಿಕೆಗೆ ಎರಡು ಮೂರು ತಿಂಗಳು ಮುಂಚೆಯೇ ಆಲ್ಬಮ್ ಕಳಿಸಬೇಕು, ಬಿಡುಗಡೆಯ ವಾರ ಕಳಿಸಿದರೆ ಸಂಪಾದಕರು ಇಷ್ಟಪಟ್ಟರೂ ಹಾಕಲು ಪುಟವಿರುವುದಿಲ್ಲ. ರೇಡಿಯೋಗೆ ಸಿಂಗಲ್ ಬರುವ ನಾಲ್ಕಾರು ವಾರ ಮುಂಚೆ ಸಾಕು. ಇಡೀ ಆಲ್ಬಮ್ ಕಳಿಸಿ 'ಯಾವುದಾದರೂ ಹಾಕಿ' ಅನ್ನಬಾರದು, ಒಂದೇ ಹಾಡು ಆರಿಸಿ ಕೊಡಬೇಕು, ಅದರ ಚಿಕ್ಕ ಆವೃತ್ತಿ ಮಾಡಿಟ್ಟಿರಬೇಕು, ಫೈಲಿನ ಒಳಗೆ ಬ್ಯಾಂಡಿನ ಹೆಸರು, ಹಾಡಿನ ಹೆಸರು ಸರಿಯಾಗಿ ತುಂಬಿರಬೇಕು. ಹೆಸರಿಲ್ಲದ ಫೈಲ್ ಡಿಜೆಯ ಕಂಪ್ಯೂಟರಿನಲ್ಲಿ ಕಳೆದುಹೋಗುತ್ತೆ. ಹಗಲಿನ ದೊಡ್ಡ ಕಾರ್ಯಕ್ರಮಕ್ಕೆ ಗುರಿ ಇಡುವ ಬದಲು, ವಾರಕ್ಕೊಮ್ಮೆ ಮೆಲೋಡಿಕ್ ರಾಕ್ ಹಾಕುವ ನಿರೂಪಕರನ್ನು ಹುಡುಕಿ, ಅವರ ನಾಲ್ಕು ಕಾರ್ಯಕ್ರಮ ಕೇಳಿದ ಮೇಲೆ ಬರೆಯುವುದು ಒಳ್ಳೆಯದು. ಅವರ ಕಾರ್ಯಕ್ರಮದ ಹೆಸರು ಹೇಳಿ 'ನೀವು ಕೇಳುತ್ತಿದ್ದೀರಿ...' ಅಂತ ಬ್ಯಾಂಡಿನವರ ದನಿಯಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಜೊತೆಗೇ ಕಳಿಸಿದರೆ ನಿರೂಪಕರು ಖುಷಿಯಿಂದ ಬಳಸುತ್ತಾರೆ, ಹಾಡು ಪಟ್ಟಿಯಿಂದ ಇಳಿದ ಮೇಲೂ ಬ್ಯಾಂಡಿನ ಹೆಸರು ಅಲ್ಲಿ ಕೇಳುತ್ತಿರುತ್ತದೆ.